ಬಾಜಿಯ ಲೆಕ್ಕ

ಹೋದ ಪಾಠದಲ್ಲಿ ನಾವು ಬಡ್ಡಿಯ ಲೆಕ್ಕ ಕಲಿತೆವು. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ನೂರಕ್ಕೆ 60 ರೂಪಾಯಿ ಎಂದು ತಿಳಿದೆವು. ಆ ಪಾಠ ಮುಗಿದ ದಿನ ಒಬ್ಬ ತಾಯಿ ನಮ್ಮನ್ನು ಕೇಳಿದರು.

"ಬಡ್ಡಿ ಲೆಕ್ಕ ತಿಳೀತ್ರಿ. ಈ ಬಾಜಿ ಲೆಕ್ಕ ಹ್ಯಾಂಗ? ನಮ್ಮ ಓಣ್ಯಾಗ ಅದರ ಸಾಲನ ಹೆಚ್ಚಾಗೇತಿ."

ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದವರನ್ನೇ ಕೇಳೋಣ ಎಂದು ಹೊರಟೆವು. ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಯ ಮೇಲಿವೆ. ಒಂದು ಬಸ್ಸು ಇಳಿದು ಇನ್ನೊಂದು ಹತ್ತಿದರೆ ಆಯಿತು. ಕ್ರಿಕೆಟ್ಟೇ ಉಸಿರಾದವರನ್ನು ಕಂಡೆವು. ಕುದುರೆ ಲಾಯದಲ್ಲೇ ವಯಸ್ಸು ಕಳೆದವರನ್ನೂ ಕಂಡೆವು. ಎಲ್ಲರೂ ಮನಸ್ಸು ಬಿಚ್ಚಿ ಮಾತಾಡಿದರು. ಹೆಸರು ಮಾತ್ರ ಬರೀಬ್ಯಾಡ್ರಿ ಎಂದರು. ಬರೆದಿಲ್ಲ.

ಸಿಂಧನೂರಿನಲ್ಲಿ

ಸಿಂಧನೂರು ಭತ್ತದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಇಲ್ಲಿ ಗದ್ದೆ ಬಂತು, ಅಕ್ಕಿ ಗಿರಣಿ ಬಂತು, ಟ್ರ್ಯಾಕ್ಟರ್ ಬಂತು. ಬೇಸಿಗೆ ಭತ್ತ ಕೊಯ್ಲಿಗೆ ಬರುವ ಹೊತ್ತಿಗೇ ಐಪಿಎಲ್ ಕ್ರಿಕೆಟ್ಟೂ ನಡೆದಿರುತ್ತದೆ. ಕೈಯಲ್ಲಿ ರೊಕ್ಕ ಆಡುತ್ತದೆ. ಕಣ್ಣ ಮುಂದೆ ಆಟ ಇರುತ್ತದೆ.

ಗಿರಣಿ ಹತ್ತಿರದ ಚಹಾ ಅಂಗಡಿಯಲ್ಲಿ ಒಬ್ಬ ತಾತ ಸಿಕ್ಕರು. ಹಮಾಲಿ ಮಾಡಿ ಬೆನ್ನು ಬಾಗಿದೆ. ಕ್ರಿಕೆಟ್ ಎಂದರೆ ಬೆನ್ನು ನೆಟ್ಟಗಾಗುತ್ತದೆ.

"ತಾತ, ಈ ಹುಚ್ಚು ಯಾವಾಗಿಂದ?" ಎಂದು ಕೇಳಿದೆವು.

"1983ರಿಂದ ತಮ್ಮಾ. ಜಿಂಬಾಬ್ವೆ ಮ್ಯಾಲ ನಮ್ಮವು ಬರೇ 17 ರನ್ನಿಗೆ 5 ಮಂದಿ ಔಟಾಗಿದ್ರು. ಆಮ್ಯಾಗ ಕಪಿಲ್‌ದೇವ್ ನಿಂತ ನೋಡು. 175 ಹೊಡದ. ಔಟಾಗಲಿಲ್ಲ. ಜೋಡಿಗೆ ಯಾರಿದ್ರು? ನಮ್ಮ ಬೆಂಗಳೂರು ಕಿರ್ಮಾನಿ. 24 ರನ್ನು. ಇಬ್ಬರೂ ಸೇರಿ 126. ಆ ಆಟದ ಪಿಚ್ಚರ್ ಇವತ್ತಿಗೂ ಯಾರ ಹತ್ರನೂ ಇಲ್ಲ."

ತಾತ ಹೇಳಿದ್ದು ನಿಜ. ಆ ದಿನ ಇಂಗ್ಲೆಂಡಿನಲ್ಲಿ ಬಿಬಿಸಿ ಕೆಲಸಗಾರರ ಮುಷ್ಕರ ಇತ್ತು ಎಂಬ ಮಾತಿದೆ. ಹಾಗಾಗಿ ಆ ಆಟದ ಚಿತ್ರ ತೆಗೆಯಲಿಲ್ಲ ಎನ್ನುತ್ತಾರೆ. ಆ ವರ್ಷ ಭಾರತ ವಿಶ್ವಕಪ್ ಗೆದ್ದಿತು. ಇಡೀ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಕರ್ನಾಟಕದ ರೋಜರ್ ಬಿನ್ನಿ.

ತಾತನಿಗೆ ಅಕ್ಷರ ಬರುವುದಿಲ್ಲ. ಪೇಪರು ಬೇರೆಯವರಿಂದ ಓದಿಸಿ ಕೇಳುತ್ತಿದ್ದರು. ಆದರೆ ಲೆಕ್ಕ ಬಾಯಲ್ಲೇ ಇದೆ. 20 ಓವರಿಗೆ 180 ಬೇಕೆಂದರೆ ಓವರಿಗೆ 9 ಎಂದು ನಾವು ಪೆನ್ನು ತೆಗೆಯುವ ಮೊದಲೇ ಹೇಳಿದರು.

"ಬಾಜಿ ಕಟ್ಟತೀರಾ ತಾತ?"

"ಕಟ್ಟತೀನಿ. ಚಹಾದ ಬಾಜಿ. ಸೋತಾವ ಎಲ್ಲರಿಗೂ ಚಾ ಕುಡಸಬೇಕು."

ಅಲ್ಲೇ ಬೆಂಚಿನ ತುದಿಯಲ್ಲಿ ಒಬ್ಬ ಹುಡುಗ ಕೂತಿದ್ದ. ಟ್ರ್ಯಾಕ್ಟರ್ ಓಡಿಸುತ್ತಾನೆ. ಭತ್ತ ಕೊಯ್ದ ಗದ್ದೆಯಲ್ಲಿ ಟೆನ್ನಿಸ್ ಬಾಲ್ ಆಡುತ್ತಾನೆ. ಚಲೋ ಬೌಲರ್ ಅಂತೆ. 2025ರಲ್ಲಿ ಆರ್‌ಸಿಬಿ ಕಪ್ ಗೆದ್ದಾಗ ನಮ್ಮ ರಾಯಚೂರು ಜಿಲ್ಲೆಯ ಮನೋಜ್ ಭಾಂಡಗೆ ಆ ತಂಡದಲ್ಲಿದ್ದರು ಎಂದು ಹೆಮ್ಮೆಯಿಂದ ಹೇಳಿದ. ಚಹಾದ ಬಾಜಿ ಮಾತು ಕೇಳಿ ತಲೆ ತಗ್ಗಿಸಿದ.

"ನಾನೂ ಹಂಗ ಶುರು ಮಾಡಿದ್ದೆರಿ," ಎಂದ. "ಮೊದಲ 500 ಹಾಕಿದೆ, ಹೋತು. ಹೋದದ್ದು ತರಬೇಕಂತ ಮರುದಿನ 1,000 ಹಾಕಿದೆ. ಅದೂ ಹೋತು. ಎರಡೂ ಕೂಡಿ ತರಬೇಕಂತ 2,000."

ಹೀಗೆ ಪ್ರತಿ ಸಲ ದುಪ್ಪಟ್ಟು ಮಾಡುತ್ತ ಹೋದ. ಆರು ದಿನ ಸೋತ. ಅವನ ಲೆಕ್ಕವನ್ನು ಅಲ್ಲೇ ಬರೆದೆವು.

500
1,000
2,000
4,000
8,000
16,000

ಕೂಡಿಸಿ ನೋಡಿ. 31,500 ರೂಪಾಯಿ. ಶುರುವಾದದ್ದು ಎಷ್ಟರಿಂದ? 500ರಿಂದ. ವಾರ ಪೂರ್ತಿ ಆಗಿರಲಿಲ್ಲ.

2025-26ನೇ ಸಾಲಿಗೆ ಸರಕಾರ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369 ರೂಪಾಯಿ ಬೆಂಬಲ ಬೆಲೆ ಇಟ್ಟಿತು. ಆ ಬೆಲೆ ಹಿಡಿದರೆ 31,500 ರೂಪಾಯಿ ಎಂದರೆ 13 ಕ್ವಿಂಟಲಿಗೂ ಹೆಚ್ಚು ಭತ್ತ. 75 ಕಿಲೋದ ಚೀಲದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 18 ಚೀಲ. ತಾತ ಇದನ್ನು ಕೇಳಿ ಹುಡುಗನ ಮುಖ ನೋಡಿದರು.

"18 ಚೀಲ ನಾ ಹೊತ್ತಿದ್ರ ಬೆನ್ನಿಗೆ ಗೊತ್ತಾಗತಿತ್ತಲೇ. ನಿನಗ ಗೊತ್ತಾಗಲಿಲ್ಲೇನು?"

"ಮೊಬೈಲಿನ್ಯಾಗ ಹೋಗತಿತ್ತು ತಾತ. ರೊಕ್ಕ ಕೈಯಾಗ ಹಿಡದಿದ್ರ ಗೊತ್ತಾಗತಿತ್ತೋ ಏನೋ," ಎಂದ ಹುಡುಗ.

ಮಸ್ಕಿಯಲ್ಲಿ

ಮಸ್ಕಿಗೆ ಬಂದು ಶಾಸನ ನೋಡದೆ ಹೋಗಬಾರದು. ಬೆಟ್ಟದ ಬಂಡೆಯ ಮೇಲೆ ಸಾಮ್ರಾಟ ಅಶೋಕನ ಶಾಸನ ಇದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಇದನ್ನು ಕಂಡರು. ಬೇರೆ ಶಾಸನಗಳಲ್ಲಿ ರಾಜನನ್ನು ಬಿರುದಿನಿಂದ ಕರೆದಿತ್ತು. ಇಲ್ಲಿ 'ಅಶೋಕ' ಎಂಬ ಹೆಸರೇ ಸಿಕ್ಕಿತು. ಆ ಬಿರುದಿನ ರಾಜ ಅಶೋಕನೇ ಎಂದು ಇದರಿಂದ ಗಟ್ಟಿಯಾಯಿತು. ಒಂದು ಹೆಸರು ಓದಲು ಬಂದದ್ದರಿಂದ ಎಷ್ಟು ತಿಳಿಯಿತು ನೋಡಿ.

ಊರೊಳಗೆ ಒಬ್ಬ ಅಕ್ಕನ ಮನೆಗೆ ಹೋದೆವು. ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾರೆ. ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಓದು ಕಲಿತರು. ಮಗಳು ಬಾಗಿಲ ಮೇಲೆ ಒಂದು ಚಿತ್ರ ಅಂಟಿಸಿದ್ದಳು. ಯಾರದು ಎಂದು ಕೇಳಿದೆವು. ವಿಜಯಪುರದ ರಾಜೇಶ್ವರಿ ಗಾಯಕವಾಡ ಎಂದಳು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಮೇಲೆ ಬರೀ 15 ರನ್ ಕೊಟ್ಟು 5 ವಿಕೆಟ್ ತೆಗೆದವರು. ಆ ಮನೆಯಲ್ಲಿ ಮಗಳಿಗೆ ಕ್ರಿಕೆಟ್ ಬೇಕು. ತಾಯಿಗೆ ಆ ಹೆಸರು ಕೇಳಿದರೆ ಸಿಟ್ಟು.

"ಅಕ್ಷರ ಬಂದಮ್ಯಾಲ ಮೊದಲು ಏನು ಓದಿದಿರಿ ಅಕ್ಕ?" ಎಂದು ಕೇಳಿದೆವು. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಬಸ್ಸಿನ ಬೋರ್ಡ್ ಎನ್ನುತ್ತಾರೆ, ಮಗನ ಹೆಸರು ಎನ್ನುತ್ತಾರೆ.

"ಗಿರವಿ ಚೀಟಿ," ಎಂದರು ಅಕ್ಕ.

ಗಂಡನ ಅಂಗಿ ಒಗೆಯುವಾಗ ಕಿಸೆಯಲ್ಲಿ ಒಂದು ಕಾಗದ ಸಿಕ್ಕಿತ್ತು. ಮೊದಲಾಗಿದ್ದರೆ ಹಾಗೇ ತೆಗೆದಿಡುತ್ತಿದ್ದರು. ಅಂದು ಕೂತು ಕೂಡಿಸಿ ಓದಿದರು. ಬೋ-ರ-ಮಾ-ಳ. ತವರಿನವರು ಹಾಕಿದ ಬೋರಮಾಳ ಸರ. ತೂಕ 18 ಗ್ರಾಂ. ಕೊಟ್ಟ ಸಾಲ 90,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ 2. ಸರ ಮಾವನ ಮನೆ ಪೆಟ್ಟಿಗೆಯಲ್ಲಿ ಭದ್ರವಾಗಿದೆ ಎಂದು ಗಂಡ ಹೇಳಿದ್ದರಂತೆ.

"ಓದಲಿಕ್ಕೆ ಬರದಿದ್ರ ಸುಖವಾಗಿದ್ದೆ ಅನಿಸ್ತು ಆವತ್ತು," ಎಂದರು. ಆಮೇಲೆ ಬಡ್ಡಿ ಲೆಕ್ಕ ಹೇಳಿದರು. 90,000ಕ್ಕೆ ತಿಂಗಳಿಗೆ 1,800. ಅವರ ಕೂಲಿ ದಿನಕ್ಕೆ 300. ತಿಂಗಳಲ್ಲಿ ಆರು ದಿನದ ದುಡಿಮೆ ಬರೀ ಬಡ್ಡಿಗೆ. ಅಸಲು ಹಾಗೇ ನಿಂತಿದೆ.

ಅಷ್ಟೇ ಆಗಿದ್ದರೆ ಹೇಗೋ ತೀರಿಸುತ್ತಿದ್ದರು. ಬಾಜಿ ಬರೆದುಕೊಳ್ಳುವ ಬುಕ್ಕಿಗೆ ಇನ್ನೂ 40,000 ಬಾಕಿ ಇದೆಯಂತೆ. ಅವನು ಗಂಡನಿಂದ ಸಹಿ ಮಾಡಿದ ಖಾಲಿ ಚೆಕ್ಕು ಇಸಿದುಕೊಂಡಿದ್ದಾನೆ. ವಾರಕ್ಕೊಮ್ಮೆ ಮನೆ ಮುಂದೆ ಬಂದು ನಿಲ್ಲುತ್ತಾನೆ.

"ಈ 40,000 ನಾವು ಕೊಡಲೇಬೇಕೇನ್ರಿ? ಲಿಂಗಸೂರಿಗೆ ಹೊಂಟೀರಲ್ಲ, ಯಾರರ ವಕೀಲರನ್ನ ಕೇಳಿಕೊಂಡು ಬರ್ರಿ."

ಕೇಳಿಕೊಂಡು ಬರುತ್ತೇವೆ ಎಂದು ಮಾತು ಕೊಟ್ಟೆವು.

ಬುಕ್ಕಿ ಹೇಗೆ ಗೆಲ್ಲುತ್ತಾನೆ? ಇದನ್ನು ಹೇಳಿದವರು ಮಸ್ಕಿಯಲ್ಲೇ ಸಿಕ್ಕ ಇನ್ನೊಬ್ಬರು. ಹಿಂದೆ ಒಬ್ಬ ಬುಕ್ಕಿಯ ಕೈಕೆಳಗೆ ಚೀಟಿ ಬರೆಯುತ್ತಿದ್ದರು. ಈಗ ಬಿಟ್ಟಿದ್ದಾರೆ, ಪಾನ್ ಅಂಗಡಿ ಇಟ್ಟಿದ್ದಾರೆ. ಸುಣ್ಣದ ಕಡ್ಡಿಯಿಂದ ಹಲಗೆಯ ಮೇಲೆ ಬರೆದು ತೋರಿಸಿದರು.

"ನೋಡ್ರಿ ಸರ್, 20 ಮಂದಿ ಬಂದ್ರು ಅಂತ ತಿಳಕೊಳ್ರಿ. 10 ಮಂದಿ ಒಂದು ಟೀಮಿಗೆ, 10 ಮಂದಿ ಇನ್ನೊಂದು ಟೀಮಿಗೆ. ತಲಿಗೆ 100 ರೂಪಾಯಿ. ಎಷ್ಟಾತು?"

"2,000."

"ಗೆದ್ದಾವಗ 100ಕ್ಕ 90 ಕೊಡ್ತೀವಿ. ಅವನ 100 ವಾಪಸ್, ಮ್ಯಾಲ 90. ಅಂದ್ರ 190. 10 ಮಂದಿಗೆ 1,900. ಉಳಿದದ್ದು 100 ಯಾರಿಗೆ? ಬುಕ್ಕಿಗೆ. ಯಾವ ಟೀಮರ ಗೆಲ್ಲಲಿ, ಅವನ 100 ಎಲ್ಲಿಗೂ ಹೋಗಂಗಿಲ್ಲ."

"ಒಂದೇ ಟೀಮಿನ ಮೇಲೆ ಎಲ್ಲರೂ ಹಾಕಿದರೆ?"

"ರೇಟ್ ತಿರಗಸ್ತಾನ. ಇಲ್ಲಾಂದ್ರ ಹೆಚ್ಚಾದ ಬಾಜಿನ ಮ್ಯಾಲಿನ ಬುಕ್ಕಿಗೆ ದಾಟಸ್ತಾನ. ತನ್ನ ಮೈಮ್ಯಾಲ ಇಟಗೊಳ್ಳಂಗಿಲ್ಲ."

ಈಗ ಆಡುವವನ ಕಡೆಯಿಂದ ನೋಡೋಣ. ಅವನಿಗೆ ಆಟ ಚೆನ್ನಾಗಿ ಗೊತ್ತು ಎನ್ನೋಣ. ಐಪಿಎಲ್‌ನಲ್ಲಿ 2025ರಲ್ಲಿ 74 ಪಂದ್ಯ ಇದ್ದವು. ದಿನಾ 100 ರೂಪಾಯಿ ಹಾಕಿದ. ಅರ್ಧ, ಅಂದರೆ 37 ಸಲ ಗೆದ್ದ. 37 ಸಲ ಸೋತ. ಗೆದ್ದದ್ದು 37 ಸಲ 90, ಒಟ್ಟು 3,330. ಸೋತದ್ದು 37 ಸಲ 100, ಒಟ್ಟು 3,700. ಸರಿಸಮ ಗೆದ್ದರೂ 370 ರೂಪಾಯಿ ಕೈಬಿಟ್ಟಿತು. ಪಂದ್ಯಕ್ಕೆ ಒಂದೇ ಬಾಜಿ ಹಾಕುವವರು ಕಡಿಮೆ. ಓವರಿಗೊಂದು, ಬಾಲಿಗೊಂದು ಹಾಕುತ್ತಾರೆ. ಬುಕ್ಕಿಗೆ ಬೇಕಾದದ್ದೂ ಅದೇ.

ಆಟವನ್ನೇ ಮಾರಿಕೊಂಡವರೂ ಇದ್ದಾರೆ. ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಬುಕ್ಕಿಗಳಿಂದ ಹಣ ಪಡೆದದ್ದು 2000ದಲ್ಲಿ ಹೊರಬಿತ್ತು. 2013ರಲ್ಲಿ ಐಪಿಎಲ್‌ನ ಮೂವರು ಆಟಗಾರರನ್ನು ದೆಹಲಿ ಪೊಲೀಸರು ಹಿಡಿದರು. ಬಾಜಿಯ ಹಗರಣದಿಂದ 2015ರಲ್ಲಿ ಎರಡು ತಂಡಗಳನ್ನು ಎರಡು ವರ್ಷ ಹೊರಗಿಟ್ಟರು. ಪಾನ್ ಅಂಗಡಿಯ ಅಣ್ಣ ಇದನ್ನೆಲ್ಲ ಬೆರಳ ಮೇಲೆ ಎಣಿಸಿ ಹೇಳಿದರು.

ಲಿಂಗಸುಗೂರಿನಲ್ಲಿ

ಲಿಂಗಸುಗೂರು ನಿಜಾಮರ ಕಾಲದಲ್ಲಿ ದಂಡಿನ ಛಾವಣಿ ಇದ್ದ ಊರು. ಈಗ ಇಲ್ಲಿಂದ ಜನ ಬೆಂಗಳೂರಿಗೆ ದುಡಿಯಲು ಗುಳೆ ಹೋಗುತ್ತಾರೆ. ಹಾಗೆ ಹೋದ ಒಬ್ಬ ಕಾಕಾ ಅಲ್ಲಿ ಗಾರೆ ಕೆಲಸ ಬಿಟ್ಟು ರೇಸ್ ಕುದುರೆ ಲಾಯ ಸೇರಿದರು. ಇಪ್ಪತ್ತು ವರ್ಷದ ಮೇಲಾಯಿತು, ಈಗ ಊರಿಗೆ ಮರಳಿದ್ದಾರೆ. ಕುದುರೆ ನೋಡಿಕೊಳ್ಳುವವರನ್ನು ಅಲ್ಲಿ ಸೈಸ್ ಎನ್ನುತ್ತಾರೆ.

ನಮ್ಮ ಭಾಗದಲ್ಲಿ ರೇಸ್ ಮೈದಾನ ಇಲ್ಲ. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿವೆ. ಮೈಸೂರು ರೇಸ್ ಕ್ಲಬ್ಬು 1891ರಲ್ಲಿ ಶುರುವಾಯಿತು. ತುಮಕೂರು ಜಿಲ್ಲೆಯ ಕುಣಿಗಲ್ಲಿನಲ್ಲಿ ಕುದುರೆ ಬೆಳೆಸುವ ಫಾರಂ ಇದೆ. ಅದು ಟಿಪ್ಪು ಸುಲ್ತಾನರ ಕಾಲದಿಂದ ಇದೆ ಎನ್ನುತ್ತಾರೆ.

ಕಾಕಾ ಕುದುರೆ ಮಾತು ತೆಗೆದರೆ ನಿಲ್ಲಿಸುವುದಿಲ್ಲ. ಬೆಳಗ್ಗೆ ಹೊತ್ತು ಹುಟ್ಟುವ ಮೊದಲೇ ಏಳಬೇಕು. ಕುದುರೆಯನ್ನು ಓಡಿಸಿ ತಂದ ಮೇಲೆ ಬೆವರು ಆರುವ ತನಕ ನಡೆಸಾಡಿಸಬೇಕು. ಮೈ ತಿಕ್ಕಬೇಕು. ಗೊರಸು ಕೆರೆದು ನೋಡಬೇಕು. ಓಟ್ಸ್ ಕಾಳು, ಕುದುರೆ ಮೆಂತೆ ಸೊಪ್ಪು, ಗಜ್ಜರಿ ಕೊಡಬೇಕು. ಕಾಲು ಉಗುರುಬೆಚ್ಚಗೆ ಇದೆಯೋ ಬಿಸಿಯಾಗಿದೆಯೋ ಅಂಗೈ ಇಟ್ಟು ನೋಡಬೇಕು. ಬಿಸಿ ಇದ್ದರೆ ನೋವಿದೆ ಎಂದು ಅರ್ಥ.

"ಒಂದು ಕುದುರಿ ಇತ್ತು. ನಾ ಕೆಮ್ಮಿದ್ರ ಸಾಕು, ಕಿವಿ ತಿರುವತಿತ್ತು. ಮಗನಿಗಿಂತ ಹೆಚ್ಚು ನೋಡಿಕೊಂಡೀನಿ," ಎಂದರು. ಇದನ್ನು ಹೇಳುವಾಗ ಕಾಕಿಯ ಮುಖ ಸಣ್ಣದಾದದ್ದನ್ನು ನಾವು ಕಂಡೆವು.

"ಹಾಗಾದರೆ ಯಾವ ಕುದುರೆ ಗೆಲ್ಲುತ್ತದೆ ಎಂದು ನಿಮಗೆ ಗೊತ್ತಾಗುತ್ತಿತ್ತೇ ಕಾಕಾ?"

"ಅದ ನೋಡ್ರಿ ತಪ್ಪಾಗಿದ್ದು. ನನಗ ಗೊತ್ತೈತಿ ಅಂತ ನಾನೂ ತಿಳಕೊಂಡಿದ್ದೆ. ಪರಿಚಯದವರ ಕೈಲಿ ರೊಕ್ಕ ಕೊಟ್ಟು ಹಾಕಸ್ತಿದ್ದೆ. ಮೈ ತಿಕ್ಕೋನು ನಾನು, ಕಾಳು ಹಾಕೋನು ನಾನು. ನನ್ನ ಕುದುರಿ ಬಲು ಹುರುಪಿನ್ಯಾಗೈತಿ ಅಂತ ಹಾಕಿದ ದಿನ ಅದು ನಾಕನೇದು ಬರತಿತ್ತು."

ಯಾಕೆ ಹೀಗೆ? ಕಾಕಾ ತಿಳಿಸಿ ಹೇಳಿದರು. ಹಲವು ರೇಸುಗಳಲ್ಲಿ ಎಲ್ಲ ಕುದುರೆಯೂ ಒಂದೇ ಭಾರ ಹೊರುವುದಿಲ್ಲ. ಚಲೋ ಓಡುವ ಕುದುರೆಗೆ ಹೆಚ್ಚು ಭಾರ, ಹಿಂದೆ ಬೀಳುವ ಕುದುರೆಗೆ ಕಡಿಮೆ ಭಾರ ಇಡುತ್ತಾರೆ. ಸವಾರನ ತೂಕ ಕಡಿಮೆ ಬಿದ್ದರೆ ಜೀನಿಗೆ ಸೀಸದ ತುಂಡು ಸೇರಿಸುತ್ತಾರೆ. ಎಲ್ಲವೂ ಸರಿಸಮ ಬರಲಿ ಎಂದು ಹೀಗೆ ಮಾಡುವುದು. ಕುದುರೆಗಳನ್ನು ಬಲ್ಲ ಅಧಿಕಾರಿಗಳೇ ಕೂತು ಎಲ್ಲರಿಗೂ ಸಮ ಮಾಡಿಟ್ಟ ಮೇಲೆ ಲಾಯದಲ್ಲಿ ಕಾಳು ಹಾಕುವವನಿಗೆ ಗೆಲ್ಲುವುದು ಯಾವುದೆಂದು ಹೇಗೆ ತಿಳಿಯಬೇಕು? ಮೈದಾನ ಹಸಿ ಇದ್ದರೆ ಒಂದು ಲೆಕ್ಕ, ಒಣಗಿದ್ದರೆ ಇನ್ನೊಂದು.

ರೇಸ್ ಕ್ಲಬ್ಬಿನ ಕಿಟಕಿಯಲ್ಲಿ ಹಾಕುವ ಹಣದ ಲೆಕ್ಕವೂ ಬೇರೆ. ಅದನ್ನು ಟೋಟ್ ಎನ್ನುತ್ತಾರೆ. ಎಲ್ಲರ ಹಣ ಒಂದೇ ಗಂಟಿಗೆ ಬೀಳುತ್ತದೆ. ಅದರಲ್ಲಿ ಒಂದು ಪಾಲು ಮೊದಲೇ ತೆಗೆಯುತ್ತಾರೆ. ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಲೆಕ್ಕ ಸುಲಭವಾಗಲೆಂದು ನೂರಕ್ಕೆ 20 ತೆಗೆದರು ಎಂದು ಹಿಡಿಯೋಣ. 100 ಮಂದಿ ನೂರು ನೂರು ಹಾಕಿದರು. ಗಂಟು 10,000. ತೆಗೆದದ್ದು 2,000. ಹಂಚಲು ಉಳಿದದ್ದು 8,000. ಗೆದ್ದ ಕುದುರೆಯ ಮೇಲೆ 20 ಮಂದಿ ಹಾಕಿದ್ದರೆ ಒಬ್ಬೊಬ್ಬರಿಗೆ 400. ಅದೇ 80 ಮಂದಿ ಹಾಕಿದ್ದರೆ ಒಬ್ಬೊಬ್ಬರಿಗೆ ಎಷ್ಟು? 100. ಗೆದ್ದರೂ ತಮ್ಮ ದುಡ್ಡು ತಮಗೆ!

ಆ 100 ಮಂದಿ ಕೈಯಲ್ಲಿ ಉಳಿದ ಹಣವನ್ನೆಲ್ಲ ಮತ್ತೆ ಮುಂದಿನ ರೇಸಿಗೆ ಹಾಕುತ್ತ ಹೋದರೆ? ಮೊದಲ ರೇಸಿಗೆ 8,000 ಉಳಿಯಿತು. ಎರಡನೆಯದಕ್ಕೆ 6,400. ಮೂರಕ್ಕೆ 5,120. ನಾಲ್ಕಕ್ಕೆ 4,096. ಐದನೆಯ ರೇಸ್ ಮುಗಿದಾಗ 3,277 ರೂಪಾಯಿಗೆ ಬಂತು. ಬೆಳಗ್ಗೆ 10,000 ತಂದ ಜನ ಸಂಜೆ 3,277 ಒಯ್ದರು. ಯಾರೋ ಒಬ್ಬ ಎಲ್ಲ ಬಾಚಿಕೊಂಡು ಹೋಗಿರಬಹುದು. ಊರಿಗೆಲ್ಲ ಸುದ್ದಿಯಾಗುವುದು ಅವನೊಬ್ಬನದೇ.

ವಕೀಲರು ಹೇಳಿದ್ದು

ಮಸ್ಕಿಯ ಅಕ್ಕನ ಪ್ರಶ್ನೆ ನಮ್ಮ ಚೀಲದಲ್ಲಿತ್ತು. ಲಿಂಗಸುಗೂರಿನ ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಕಂಡು ಕೇಳಿದೆವು. ಮೊದಲು ನಮ್ಮದೇ ಒಂದು ಪ್ರಶ್ನೆ ಕೇಳಿದೆವು. ಕುದುರೆ ಬಾಜಿಗೆ ಕಿಟಕಿ ತೆರೆದಿರುತ್ತದೆ, ಕ್ರಿಕೆಟ್ ಬಾಜಿಗೆ ಪೊಲೀಸರು ಹಿಡಿಯುತ್ತಾರೆ. ಇದು ಯಾಕೆ?

ಕುದುರೆ ರೇಸು ಬರೀ ಅದೃಷ್ಟದ ಆಟ ಆಗಿರದೆ ಚಾತುರ್ಯದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಲೈಸೆನ್ಸ್ ಇರುವ ಮೈದಾನದ ಒಳಗೆ ಮಾತ್ರ ಅದಕ್ಕೆ ಅವಕಾಶ. ಅದಕ್ಕೆ ತೆರಿಗೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ನೂರಕ್ಕೆ 40 ಆಯಿತು. ಓಣಿಯ ಕ್ರಿಕೆಟ್ ಬಾಜಿ, ಮಟ್ಕಾ ಇವು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಅಪರಾಧ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ಅಂಥ ಆಟ ನಡೆಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಕಾಕಾನಿಗೆ ಚಾತುರ್ಯ ಕಡಿಮೆ ಇತ್ತೇ ಎಂದು ನಾವು ಕೇಳಬೇಕೆಂದಿದ್ದೆವು. ಕೇಳಲಿಲ್ಲ.

ಈಗ ಅಕ್ಕನ 40,000.

"ಬಾಜಿಯ ಹಣಕ್ಕೆ ಕೋರ್ಟಿನಲ್ಲಿ ದಾವೆ ನಡೆಯುವುದಿಲ್ಲ," ಎಂದರು ವಕೀಲರು. "1872ರ ಕರಾರು ಕಾಯ್ದೆಯ 30ನೇ ಕಲಂ ಇದನ್ನು ಹೇಳುತ್ತದೆ. ಬುಕ್ಕಿ ಕೋರ್ಟಿಗೆ ಬಂದು ನನ್ನ ಬಾಜಿ ಹಣ ಕೊಡಿಸಿ ಎನ್ನಲು ಬರುವುದಿಲ್ಲ. ಆದರೆ ಬಾಜಿ ತೀರಿಸಲು ಬೇರೆಯವರ ಹತ್ತಿರ ಸಾಲ ತಂದಿದ್ದರೆ ಅದು ಸಾಲವೇ. ಗಿರವಿ ಇಟ್ಟಿದ್ದರೆ ಅದು ಗಿರವಿಯೇ. ಅದನ್ನು ತೀರಿಸಬೇಕು."

"ಖಾಲಿ ಚೆಕ್ಕು ಕೊಟ್ಟಿದ್ದಾರಲ್ಲ ಸರ್?"

ವಕೀಲರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲೇ ತೊಡಕು. ಅವನು ಬೇಕಾದ ಮೊತ್ತ ಬರೆದು ಬ್ಯಾಂಕಿಗೆ ಹಾಕಬಹುದು. ಹಣ ಇಲ್ಲವೆಂದು ಮರಳಿದರೆ ಚೆಕ್ ಬೌನ್ಸ್ ಕೇಸು ಹಾಕಬಹುದು. ಸಹಿ ಇದ್ದರೆ ಸಾಲ ಇದೆ ಎಂದೇ ಕೋರ್ಟು ಮೊದಲು ತಿಳಿಯುತ್ತದೆ. ಅದು ಬಾಜಿಯ ಹಣ ಎಂದು ಸಹಿ ಮಾಡಿದವನೇ ತೋರಿಸಬೇಕು. ಬ್ಯಾಂಕಿಗೆ ಹೇಳಿ ಚೆಕ್ಕು ತಡೆದರೆ ಅಷ್ಟಕ್ಕೇ ಸಾಲದು. ಅವನು ಮೊಬೈಲಿಗೆ ಕಳಿಸಿದ ಮೆಸೇಜ್ ಅಳಿಸಬೇಡಿ. ಮನೆ ಮುಂದೆ ಬಂದು ಬೆದರಿಸಿದಾಗ ಯಾರಿದ್ದರು ಎಂದು ಬರೆದಿಡಿ. ಹೆದರಿಸಿದರೆ 112ಕ್ಕೆ ಫೋನ್ ಮಾಡಿ. ಆ ಅಕ್ಕ ತಾಲೂಕು ಕಾನೂನು ಸೇವಾ ಸಮಿತಿಗೆ ಬರಲಿ."

ಕಾನೂನು ಸೇವಾ ಸಮಿತಿ ಕೋರ್ಟಿನಲ್ಲೇ ಇರುತ್ತದೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಇವರಿಗೆ ಆದಾಯ ಎಷ್ಟೆಂದು ನೋಡುವುದಿಲ್ಲ. ಫೋನ್ ನಂಬರ್ 15100. ಸಾಲದ ಚಿಂತೆಯಿಂದ ಜೀವ ಬೇಡ ಎನಿಸಿದವರು 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾರಾದರೂ ಮಾತಾಡುತ್ತಾರೆ. ದುಡ್ಡು ಬೀಳುವುದಿಲ್ಲ.

ಮರಳಿ ಬರುವಾಗ ಮಸ್ಕಿಯಲ್ಲಿ ಇಳಿದೆವು. ವಕೀಲರ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ತಂದಿದ್ದೆವು. ಅಕ್ಕ ಬೆರಳಿಟ್ಟು ಓದಿದರು. ಗಂಡನೂ ಅಲ್ಲೇ ಇದ್ದರು. ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಕೊಟ್ಟ ಚೆಕ್ಕಿನ ನಂಬರ್ ಎಷ್ಟು ಎಂದು ಕೇಳಿದೆವು. ಅವರಿಗೆ ನೆನಪಿರಲಿಲ್ಲ. ಅಕ್ಕ ಒಳಗೆ ಹೋಗಿ ಚೆಕ್ ಪುಸ್ತಕ ತಂದರು. ಮೇಲಿನ ಹಾಳೆಯ ನಂಬರ್ ಓದಿದರು. ಕೆಳಗಿನ ಹಾಳೆಯ ನಂಬರ್ ಓದಿದರು. ನಡುವಿನ ಒಂದು ಹಾಳೆ ಹರಿದಿತ್ತು.

"ಇದರ ಕಡಿ ಅಂಕಿ 7. ಇದರದು 9. ಅವನ ಹತ್ರ ಇರೋದು 8," ಎಂದರು.

ಮಗಳ ಪೆನ್ಸಿಲ್ ಇಸಿದುಕೊಂಡು ಪೂರ್ತಿ ನಂಬರನ್ನು ನಾವು ತಂದ ಕಾಗದದ ಮೇಲೆ ತಾವೇ ಬರೆದರು. ಸೋಮವಾರ ಕೂಲಿ ಬಿಟ್ಟು ಇಬ್ಬರೂ ಲಿಂಗಸುಗೂರಿನ ಬಸ್ಸು ಹತ್ತುವುದೆಂದು ಆಯಿತು.

ನೀವೇ ಮಾಡಿ

1. ಸಿಂಧನೂರಿನ ಹುಡುಗ ಏಳನೆಯ ದಿನವೂ ದುಪ್ಪಟ್ಟು ಹಾಕಿ ಸೋತಿದ್ದರೆ ಒಟ್ಟು ಎಷ್ಟು ಹೋಗುತ್ತಿತ್ತು?

2. ಅಕ್ಕ 90,000 ರೂಪಾಯಿಗೆ ತಿಂಗಳಿಗೆ 1,800 ಬಡ್ಡಿ ಕಟ್ಟುತ್ತಾರೆ. ಒಂದು ವರ್ಷಕ್ಕೆ ಎಷ್ಟಾಯಿತು? ಅದು ಎಷ್ಟು ದಿನದ ಕೂಲಿ?

3. ನಿಮ್ಮ ಮನೆಯಲ್ಲಿ ಗಿರವಿ ಚೀಟಿ, ಬ್ಯಾಂಕಿನ ಚೀಟಿ ಇದ್ದರೆ ತನ್ನಿ. ತೂಕ, ಮೊತ್ತ, ಬಡ್ಡಿ, ಕೊನೆಯ ದಿನ ಎಲ್ಲಿ ಬರೆದಿದೆ? ಗಟ್ಟಿಯಾಗಿ ಓದಿ.